"ಏನೂ ನಡೆಯೋದೇ ಇಲ್ಲ" ಅನ್ನೋರಿಗೆ

ಹಾಕ್‌ಐ ಕಾಮಿಕ್ಸಿನ ಎರಡನೇ ಸಂಪುಟ 'ಲಿಟಲ್ ಹಿಟ್ಸ್' ಬಗ್ಗೆ ಓದುಗರು ಬರೆದಿರೋ ಅಭಿಪ್ರಾಯಗಳನ್ನ ಈಗಷ್ಟೇ ಒಂದು ಸುತ್ತು ಓದಿ ಮುಗಿಸಿದೆ. ತಲೆ ಕೆಟ್ಟಿದೆ. ಎರಡು ನಕ್ಷತ್ರ ಕೊಟ್ಟೋರು "ಇದರಲ್ಲಿ ಏನೂ ನಡೆಯೋದೇ ಇಲ್ಲ" ಅಂತಾರೆ. ಐದು ಕೊಟ್ಟೋರು "ನಾಯಿ ಎಷ್ಟು ಮುದ್ದಾಗಿದೆ" ಅಂತ ಎರಡು ಸಾಲು ಬರೆದು ಎದ್ದು ಹೋಗ್ತಾರೆ. ನನಗೆ ಇಬ್ಬರ ಮೇಲೂ ಸಿಟ್ಟು. ಇಬ್ಬರೂ ಪುಟವನ್ನ ನೋಡಿಲ್ಲ. ಬಲೂನಿನೊಳಗಿನ ಮಾತು ಓದಿದ್ದಾರೆ, ಪುಟ ತಿರುವಿದ್ದಾರೆ, ಅಷ್ಟೇ.

ನಾನು ಕಾಮಿಕ್ಸ್ ಬಗ್ಗೆ ಶುರು ಮಾಡಿದರೆ ನಿಲ್ಲಿಸಲ್ಲ ಅಂತ ಇಲ್ಲಿರೋರಿಗೆಲ್ಲ ಗೊತ್ತು. ಹಾಗಾಗಿ ಪೀಠಿಕೆ ಚಿಕ್ಕದು. ಹಾಕ್‌ಐ ಅಂದರೆ ಕ್ಲಿಂಟ್ ಬಾರ್ಟನ್, ಮಾರ್ವೆಲ್‌ನ ಬಿಲ್ಲುಗಾರ. 1964ರಲ್ಲಿ ಸ್ಟ್ಯಾನ್ ಲೀ, ಡಾನ್ ಹೆಕ್ ಇವನನ್ನ ಮೊದಲು ತಂದಿದ್ದು ಐರನ್ ಮ್ಯಾನ್ ಕಥೆಯೊಳಗೆ, ಎದುರಾಳಿಯಾಗಿ. ಮರುವರ್ಷವೇ ಅವೆಂಜರ್ಸ್ ತಂಡಕ್ಕೆ ಸೇರಿದ. ಅತಿಮಾನುಷ ಶಕ್ತಿ ಒಂದೂ ಇಲ್ಲ, ಗುರಿ ಮಾತ್ರ ತಪ್ಪಲ್ಲ. 2012ರ ಆಗಸ್ಟಿನಲ್ಲಿ ಮ್ಯಾಟ್ ಫ್ರ್ಯಾಕ್ಷನ್ ಬರವಣಿಗೆ, ಡೇವಿಡ್ ಅಜಾ ಚಿತ್ರ, ಮ್ಯಾಟ್ ಹಾಲಿಂಗ್ಸ್‌ವರ್ತ್ ಬಣ್ಣ, ಕ್ರಿಸ್ ಎಲಿಯೋಪೌಲಸ್ ಅಕ್ಷರ ಸೇರಿ ಹೊಸ ಸರಣಿ ಶುರುವಾಯಿತು. 2015ರ ಜುಲೈಯಲ್ಲಿ 22ನೇ ಸಂಚಿಕೆಗೆ ಮುಗಿಯಿತು. ಅವೆಂಜರ್ಸ್ ಕೆಲಸ ಇಲ್ಲದ ದಿನ ಈ ಮನುಷ್ಯ ಏನು ಮಾಡ್ತಾನೆ ಅನ್ನೋದೇ ಸರಣಿಯ ವಸ್ತು. ಬ್ರೂಕ್ಲಿನ್ನಿನ ಬೆಡ್-ಸ್ಟೈ ಪ್ರದೇಶದ ಒಂದು ಹಳೇ ವಠಾರ, ಅದನ್ನ ಖಾಲಿ ಮಾಡಿಸೋಕೆ ನೋಡೋ ಟ್ರ್ಯಾಕ್‌ಸೂಟ್ ಗ್ಯಾಂಗು, ಒಂದೇ ಕಣ್ಣಿನ ನಾಯಿ ಲಕ್ಕಿ, ಮತ್ತೆ ಹಾಕ್‌ಐ ಅನ್ನೋ ಅದೇ ಹೆಸರು ಹೊತ್ತಿರೋ ಹುಡುಗಿ ಕೇಟ್ ಬಿಷಪ್.

'ಲಿಟಲ್ ಹಿಟ್ಸ್' ಸಂಪುಟದಲ್ಲಿರೋದು 6ರಿಂದ 11ರವರೆಗಿನ ಆರು ಸಂಚಿಕೆ. ಏನೂ ನಡೆಯೋದಿಲ್ಲ ಅಂತೀರಲ್ಲ, ಒಂದೊಂದಾಗಿ ನೋಡೋಣ ಬನ್ನಿ.

6ನೇ ಸಂಚಿಕೆ ಶುರುವಾಗೋದು ಕ್ಲಿಂಟ್ ಮತ್ತು ಟೋನಿ ಸ್ಟಾರ್ಕ್ ಒಂದು ರಾಶಿ ವೈರಿನ ಮುಂದೆ ಕೂತಲ್ಲಿಂದ. ಬಾಂಬ್ ನಿಷ್ಕ್ರಿಯ ಮಾಡ್ತಿದ್ದಾರೆ ಅನ್ನಿಸುತ್ತೆ. ನೋಡಿದರೆ ಟಿವಿಗೆ ಕೇಬಲ್ ಸಿಕ್ಕಿಸ್ತಿದ್ದಾರೆ. ಎಲ್ಲರೂ ಈ ತಮಾಷೆಗೆ ನಕ್ಕು ಮುಂದೆ ಹೋಗ್ತಾರೆ. ಆದರೆ ಕಥೆ ಕ್ರಿಸ್‌ಮಸ್‌ಗೆ ಮುಂಚಿನ ಆರು ದಿನದ್ದು, ಆ ಆರು ದಿನಗಳನ್ನ ಹಿಂದೆಮುಂದೆ ಮಾಡಿ ಜೋಡಿಸಿದ್ದಾರೆ. ಮೈಮೇಲಿನ ಗಾಯ ಮೊದಲು ಕಾಣುತ್ತೆ, ಏಟು ಬಿದ್ದಿದ್ದು ಆಮೇಲೆ. ಗ್ಯಾಂಗಿನ ಕಾಟಕ್ಕೆ ವಠಾರ ಬಿಟ್ಟು ಓಡಿಹೋಗಬೇಕು ಅಂತ ಕ್ಲಿಂಟ್ ಹೊರಡ್ತಾನೆ, ಕೇಟ್ ಬೈತಾಳೆ, ಅವನು ಉಳೀತಾನೆ. ಒಬ್ಬ ಮನುಷ್ಯ ಓಡಬೇಕೋ ನಿಲ್ಲಬೇಕೋ ಅಂತ ತೀರ್ಮಾನ ಮಾಡೋದು ನಿಮ್ಮ ಲೆಕ್ಕದಲ್ಲಿ ಘಟನೆಯೇ ಅಲ್ವಾ? ಮುಂದಿನ ಹದಿನಾರು ಸಂಚಿಕೆ ನಿಂತಿರೋದೇ ಆ ತೀರ್ಮಾನದ ಮೇಲೆ. ದಿನಗಳನ್ನ ಕಲಸಿಟ್ಟಿದ್ದಾರೆ ಅಂತ ದೂರೋರು ಪ್ರತಿ ತುಣುಕಿನ ತಲೆಮೇಲೆ ಬರೆದಿರೋ ದಿನ ನೋಡ್ಲಿ. ಅಷ್ಟು ದೊಡ್ಡದಾಗಿ ಬರೆದಿದ್ದಾರೆ. ಅದನ್ನ ಹಾರಿಸಿ ಓದಿದರೆ ಯಾರ ತಪ್ಪು?

7ನೇದು ಸ್ಯಾಂಡಿ ಚಂಡಮಾರುತದ ಸಂಚಿಕೆ. 2012ರ ಅಕ್ಟೋಬರ್ ಕೊನೆಗೆ ನ್ಯೂಯಾರ್ಕ್, ನ್ಯೂಜೆರ್ಸಿ ಕರಾವಳಿಗೆ ಬಿರುಗಾಳಿ ಅಪ್ಪಳಿಸಿದ ಮೇಲೆ, ಕೆಲವೇ ತಿಂಗಳಲ್ಲಿ ಬಂದಿದ್ದು. ವಠಾರದಲ್ಲಿರೋ ಗ್ರಿಲ್ಸ್ ಅನ್ನೋ ನೆರೆಯವನು ತನ್ನ ವಯಸ್ಸಾದ ತಂದೆಯನ್ನ ನೋಡೋಕೆ ನ್ಯೂಯಾರ್ಕಿನ ಕಡಲಂಚಿನ ಫಾರ್ ರಾಕವೇಗೆ ಹೊರಡ್ತಾನೆ, ಕ್ಲಿಂಟ್ ಜೊತೆಗೆ ಹೋಗ್ತಾನೆ. ಆ ಕಡೆ ಕೇಟ್ ನ್ಯೂಜೆರ್ಸಿಯಲ್ಲಿ ಸಿಕ್ಕಿಬಿದ್ದಿರ್ತಾಳೆ. ಕ್ಲಿಂಟ್ ಅರ್ಧಕ್ಕೆ ಸ್ಟೀವ್ ಲೀಬರ್ ಚಿತ್ರ ಬರೆದರು, ಕೇಟ್ ಅರ್ಧಕ್ಕೆ ಜೆಸ್ಸಿ ಹ್ಯಾಮ್. ಫ್ರ್ಯಾಕ್ಷನ್ ಈ ಸಂಚಿಕೆಯ ತನ್ನ ರಾಯಧನವನ್ನ ಅಮೆರಿಕನ್ ರೆಡ್‌ಕ್ರಾಸ್‌ಗೆ ಕೊಟ್ಟರು. ಇದರ ಬಗ್ಗೆ ಓದುಗರ ತೀರ್ಪು: "ಸುಮ್ಮನೆ ತುಂಬಿಸೋಕೆ ಹಾಕಿದ್ದು, ಬಿಟ್ಟರೂ ನಷ್ಟವಿಲ್ಲ." ನಷ್ಟ ಇದೆ ರೀ! ಗ್ರಿಲ್ಸ್ ಯಾರು ಅಂತ ನಮಗೆ ಗೊತ್ತಾಗೋದೇ ಇಲ್ಲಿ. ಕ್ಲಿಂಟ್‌ನನ್ನ ಸರಿಯಾದ ಹೆಸರಿಂದ ಕರೆಯೋಕೆ ಬರದೆ ಹಾಕ್‌ಗೈ ಅನ್ನೋ ಆ ಸಾಧಾರಣ ಮನುಷ್ಯ, ಮಗನಾಗಿ ಹೇಗಿದ್ದ, ಅಪ್ಪನ ಜೊತೆ ಅವನಿಗಿದ್ದ ಬಿಗುಮಾನ ಏನು, ಎಲ್ಲ ಇದೊಂದೇ ಸಂಚಿಕೆಯಲ್ಲಿದೆ. ಇದನ್ನ ಬಿಟ್ಟು 9ಕ್ಕೆ ಹಾರಿದರೆ ಅಲ್ಲಿ ಸಾಯೋನು ಯಾರೋ ಪಕ್ಕದ ಮನೆಯೋನು. ಓದಿ ಹೋದರೆ ಅವನು ಒಬ್ಬ ಅಪ್ಪನ ಮಗ.

8ನೇದನ್ನ ಬೇಗ ಮುಗಿಸ್ತೀನಿ. ಕೆಂಪು ಕೂದಲಿನ ಹುಡುಗಿ ಮೊದಲ ಸಂಪುಟದಿಂದ ವಾಪಸ್ ಬರ್ತಾಳೆ, ಕ್ಲಿಂಟ್ ಮತ್ತೆ ತಾನೇ ಹೋಗಿ ತೊಂದರೆಗೆ ಸಿಕ್ಕಿಹಾಕಿಕೊಳ್ತಾನೆ. ನಡುನಡುವೆ ಆನಿ ವೂ ಬರೆದ, ಹಳೇ ಪ್ರೇಮಕಥೆ ಕಾಮಿಕ್ಸಿನ ಮುಖಪುಟಗಳ ಥರದ ಚಿತ್ರಗಳಿವೆ. ಚೆನ್ನಾಗಿದೆ, ಆರು ಸಂಚಿಕೆಗಳಲ್ಲಿ ಸ್ವಲ್ಪ ಸಡಿಲ ಇರೋದು ಇದೇ ಅಂತ ಒಪ್ತೀನಿ.

ಈಗ 9, 10, 11. ನನ್ನ ಸಿಟ್ಟೆಲ್ಲ ಇರೋದು ಇಲ್ಲಿ. "ಒಂದೇ ಘಟನೆಯನ್ನ ಮೂರು ಸಲ ಹೇಳಿ ಪುಟ ತುಂಬಿಸಿದ್ದಾರೆ" ಅಂತ ಒಬ್ಬರಲ್ಲ, ಸಾಲಾಗಿ ಎಷ್ಟೋ ಜನ ಬರೆದಿದ್ದಾರೆ. ಹೌದು, ಮೂರೂ ಬಂದು ಸೇರೋದು ವಠಾರದ ತಾರಸಿ ಮೇಲೆ ಗ್ರಿಲ್ಸ್ ಗುಂಡೇಟಿಗೆ ಸಾಯೋ ಆ ರಾತ್ರಿಗೇ. ಆದರೆ ಮೂರು ಸಲ ಹೇಳಿದ್ದು ಒಂದನ್ನೇ ಅಲ್ಲ. 9ರಲ್ಲಿ ಕ್ಲಿಂಟ್ ಬದುಕಿನ ಹೆಂಗಸರ ಕಣ್ಣಿಂದ ನೋಡ್ತೀವಿ: ನತಾಶಾ, ಮಾಜಿ ಹೆಂಡತಿ ಬಾಬಿ, ಜೆಸ್ಸಿಕಾ. ಅವನು ಹತ್ತಿರದವರನ್ನೆಲ್ಲ ಹೇಗೆ ನೋಯಿಸಿದ ಅನ್ನೋದೇ ಅಲ್ಲಿನ ವಿಷಯ, ಕೊನೇ ಪುಟದಲ್ಲಿ ಗ್ರಿಲ್ಸ್ ಬೀಳ್ತಾನೆ. 10ರಲ್ಲಿ ಫ್ರಾಂಚೆಸ್ಕೊ ಫ್ರಾಂಕಾವಿಲ್ಲಾ ಬರ್ತಾರೆ, ಕಪ್ಪು ನೆರಳು ತುಂಬಿದ ಅವರ ಪುಟಗಳಲ್ಲಿ ಕೊಲೆಗಾರ ಕಾಜಿಯ ಬಾಲ್ಯ ಇದೆ, ಯುದ್ಧದಲ್ಲಿ ಮನೆಯವರನ್ನ ಕಳಕೊಂಡ ಹುಡುಗ. ಅದೇ ಕಾಜಿ ಒಂದು ಪಾರ್ಟಿಯಲ್ಲಿ ಕೇಟ್ ಜೊತೆ ಮೃದುವಾಗಿ ಮಾತಾಡ್ತಾನೆ, ಅವಳಿಗೆ ಇಷ್ಟವೂ ಆಗ್ತಾನೆ. ಆಮೇಲೆ ಮುಖಕ್ಕೆ ಬಿಳಿ ಬಣ್ಣ ಬಳಿದು ತಾರಸಿಗೆ ಬರ್ತಾನೆ. 9ರಲ್ಲಿ ಏನಾಯ್ತು ಅನ್ನೋದು, 10ರಲ್ಲಿ ಮಾಡಿದೋನು ಯಾರು ಅನ್ನೋದು. 11ರಲ್ಲಿ ಅದರಿಂದ ಈ ಮನೆಗೆ ಏನಾಯ್ತು ಅನ್ನೋದು, ಅದೂ ಮಾತೇ ಅರ್ಥವಾಗದ ಜೀವದ, ನಾಯಿ ಲಕ್ಕಿಯ ಕಣ್ಣಿಂದ.

11ನೇ ಸಂಚಿಕೆಗೆ 2014ರಲ್ಲಿ ಅತ್ಯುತ್ತಮ ಬಿಡಿ ಸಂಚಿಕೆ ಅಂತ ಐಸ್ನರ್ ಪ್ರಶಸ್ತಿ, ಅಂದರೆ ಅಮೆರಿಕದ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿ, ಬಂತು. ಅದನ್ನ ಎಲ್ಲರೂ ಉಲ್ಲೇಖಿಸ್ತಾರೆ. ಯಾಕೆ ಬಂತು ಅಂತ ಬರೆದೋರು ಬೆರಳೆಣಿಕೆ. "ನಾಯಿ ಪತ್ತೇದಾರ, ಮುದ್ದು" ಅನ್ನೋದಕ್ಕೆ ಐಸ್ನರ್ ಕೊಡಲ್ಲ.

ಒಂದು ಪುಟ ತೆಗೆದು ನೋಡಿ. ನಾಯಿ ಒಬ್ಬರನ್ನ ನೋಡುತ್ತೆ. ಆ ಮನುಷ್ಯನ ಆಕೃತಿಯಿಂದ ತೆಳು ಗೆರೆಗಳು ಹೊರಡ್ತವೆ, ಗೆರೆಯ ತುದಿಯಲ್ಲಿ ಪುಟ್ಟ ಪುಟ್ಟ ಸಂಕೇತ: ಕಾಫಿ ಲೋಟ, ಬಾಣ, ಇಂಥವು. ಅದು ನಾಯಿ ಮೂಗಿಗೆ ಆ ವ್ಯಕ್ತಿ. ಹೆಸರಿಲ್ಲ, ವಾಸನೆಗಳ ನಕ್ಷೆ ಇದೆ. ರೈಲ್ವೆ ಸ್ಟೇಷನ್ನಿನ ಫಲಕದಲ್ಲಿ ಇರ್ತವಲ್ಲ, ಅಂಥ ಚಪ್ಪಟೆ ಚಿತ್ರಗಳು. ಜನ ಮಾತಾಡಿದಾಗ ಬಲೂನಿನೊಳಗೆ ಬರೀ ಗೀಚು, ನಡುವೆ ನಾಯಿಗೆ ಗೊತ್ತಿರೋ ಒಂದೆರಡು ಶಬ್ದ ಮಾತ್ರ ಸ್ಪಷ್ಟ. ಇದನ್ನೇ "ಅಕ್ಷರ ಸರಿಯಾಗಿ ಮುದ್ರಣ ಆಗಿಲ್ಲ" ಅಂತ ಬರೆದಿದ್ದಾರೆ ಒಬ್ಬ ಪುಣ್ಯಾತ್ಮರು. ಮುದ್ರಣ ಸರಿಯಾಗೇ ಇದೆ. ಎಲಿಯೋಪೌಲಸ್ ಎಲ್ಲಿ ಗೀಚಬೇಕು, ಎಲ್ಲಿ ಅಕ್ಷರ ತೋರಿಸಬೇಕು ಅಂತ ಬಲೂನು ಬಲೂನಿಗೂ ತೂಗಿ ಮಾಡಿದ ಕೆಲಸ ಅದು.

ಓದೋ ಕ್ರಮ ಹೀಗೆ. ಮೊದಲು ಇಡೀ ಪುಟವನ್ನ ಒಂದು ಸಲ ನೋಡಿ, ಏನೂ ಓದಬೇಡಿ. ಆಮೇಲೆ ಸಂಕೇತಗಳನ್ನ ಗುರುತಿಟ್ಟುಕೊಳ್ಳಿ, ಯಾರಿಗೆ ಯಾವುದು ಅಂತ, ಮೊದಲ ಕೆಲವೇ ಪುಟದಲ್ಲಿ ಎಲ್ಲ ಪರಿಚಯ ಆಗಿಬಿಡುತ್ತೆ. ಮುಂದೆ ಹೆಣ ಸಿಕ್ಕ ಜಾಗದಲ್ಲಿ ಯಾವ ಯಾವ ಸಂಕೇತ ಕಾಣುತ್ತೆ ಅಂತ ಹುಡುಕಿ. ಪರಿಚಯದವರದ್ದಲ್ಲದ ವಾಸನೆ ಅಲ್ಲಿ ಇರುತ್ತೆ. ಪೊಲೀಸರಿಗಿಂತ ಮೊದಲೇ ನಾಯಿಗೆ ಗೊತ್ತು, ನಾಯಿ ಜೊತೆ ನಮಗೂ ಗೊತ್ತು, ಹೇಳೋಕೆ ಮಾತ್ರ ಅದಕ್ಕೆ ಬಾಯಿಲ್ಲ. ಕಡೆಗೆ ಕ್ಲಿಂಟ್ ಮತ್ತು ಕೇಟ್ ನಡುವಿನ ದೃಶ್ಯಗಳಲ್ಲಿ ಬರೀ ಮೈ ನೋಡಿ: ಭುಜ, ಕೈ, ಯಾರು ಯಾರ ಕಡೆ ತಿರುಗಿದ್ದಾರೆ. ಏನು ಮಾತಾಡಿದರು ಅಂತ ಗೊತ್ತಾಗಲ್ಲ, ಮನೆ ಒಡೀತಿದೆ ಅಂತ ಪೂರ್ತಿ ಗೊತ್ತಾಗುತ್ತೆ. ಕೊನೆಗೆ ಕೇಟ್ ಹೊರಟುಹೋಗ್ತಾಳೆ, ನಾಯಿ ಅವಳ ಜೊತೆ ಹೋಗುತ್ತೆ. ಇಷ್ಟೆಲ್ಲ ಸರಿಯಾಗಿ ಕೇಳಿಸೋ ಒಂದೇ ಒಂದು ಸಂಭಾಷಣೆ ಇಲ್ಲದೆ! ಇದನ್ನ ಓದಿ "ಏನೂ ನಡೆಯೋದಿಲ್ಲ" ಅಂತ ಬರೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ?

ಇನ್ನೊಂದು ದೂರು, ಫೋನಿನಲ್ಲಿ ಓದೋರದ್ದು. "ಚಿತ್ರಗಳು ತೀರಾ ಸಣ್ಣ, ಗಜಿಬಿಜಿ." ಅಜಾ ಒಂದು ಪುಟಕ್ಕೆ ಇಪ್ಪತ್ತರ ಮೇಲೂ ಚೌಕ ಹಾಕಬಲ್ಲ ಚಿತ್ರಕಾರ. ಅಮೆರಿಕನ್ ಕಾಮಿಕ್ಸ್ ಪುಟ ಸುಮಾರು ಆರೂವರೆ ಇಂಚು ಅಗಲ, ಹತ್ತು ಇಂಚು ಎತ್ತರ. ಆ ಅಳತೆ ಮನಸ್ಸಲ್ಲಿಟ್ಟು ಬರೆದ ಚಿತ್ರವನ್ನ ಅಂಗೈಯಗಲದ ಪರದೆಗೆ ಇಳಿಸಿದರೆ ಗಜಿಬಿಜಿ ಆಗದೆ ಇನ್ನೇನು? ಅದಕ್ಕಿಂತ ದೊಡ್ಡ ಅನಾಹುತ ಅಂದರೆ ಆ್ಯಪ್‌ಗಳಲ್ಲಿರೋ ಗೈಡೆಡ್ ವ್ಯೂ, ಚೌಕದಿಂದ ಚೌಕಕ್ಕೆ ತಾನೇ ಹಾರಿಸಿಕೊಂಡು ಹೋಗೋದು. ಅಜಾ ಪುಟದಲ್ಲಿ ಅರ್ಥ ಇರೋದೇ ಅಕ್ಕಪಕ್ಕದಲ್ಲಿ. ಒಂದೇ ಚಿತ್ರ ನಾಲ್ಕು ಸಲ ಸಾಲಾಗಿ ಬಂದು, ಐದನೇದರಲ್ಲಿ ಕಣ್ಣು ಮಾತ್ರ ಸರಿದಿರುತ್ತೆ. ಅಕ್ಕಪಕ್ಕ ಇಟ್ಟು ನೋಡಿದರೆ ಅದು ತಡೆದು ನಿಂತ ಕ್ಷಣ. ಒಂದೊಂದಾಗಿ ಹಾರಿಸಿದರೆ ಆ್ಯಪ್ ಕೆಟ್ಟು ಒಂದೇ ಚಿತ್ರ ತೋರಿಸ್ತಿದೆ ಅನ್ನಿಸುತ್ತೆ. 11ರ ವಾಸನೆ ನಕ್ಷೆಗಳಂತೂ ಗೈಡೆಡ್ ವ್ಯೂನಲ್ಲಿ ತುಂಡುತುಂಡಾಗಿ ಸತ್ತೇ ಹೋಗ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನ ಆಫ್ ಮಾಡಿ. ಹತ್ತಿಂಚಿನ ಟ್ಯಾಬ್ಲೆಟ್ ಇದ್ದರೆ ಉದ್ದುದ್ದ ಹಿಡಿದು ಇಡೀ ಪುಟ ನೋಡಿ. ಅದೂ ಇಲ್ಲದಿದ್ದರೆ ಕಾಗದದ ಪುಸ್ತಕ ಸಿಗೋವರೆಗೆ ಕಾಯಿರಿ, ಅಲ್ಲೀವರೆಗೆ ದಯವಿಟ್ಟು ನಕ್ಷತ್ರ ಕೊಡಬೇಡಿ.

ಬಣ್ಣದ ಮೇಲೂ ಬಿದ್ದಿದ್ದಾರೆ ಜನ. "ಮಂಕು, ಬರೀ ನೇರಳೆ." ಹಾಲಿಂಗ್ಸ್‌ವರ್ತ್ ಒಂದು ದೃಶ್ಯಕ್ಕೆ ಎರಡು ಮೂರು ಬಣ್ಣದ ಮೇಲೆ ಹೋಗದೆ ಕೆಲಸ ಮಾಡಿರೋದು ಬೇಕಂತಲೇ. ಒಂದೇ ಪುಟದಲ್ಲಿ ಇಪ್ಪತ್ತು ಚೌಕ ಇದ್ದು ಪ್ರತಿಯೊಂದಕ್ಕೂ ಹತ್ತು ಬಣ್ಣ ಬಳಿದರೆ ಕಣ್ಣು ಎಲ್ಲಿ ನಿಲ್ಲಬೇಕು? ಬಣ್ಣ ಕಡಿಮೆ ಇರೋದರಿಂದಲೇ ದಿನ, ಜಾಗ ಬದಲಾದದ್ದು ತಕ್ಷಣ ಗೊತ್ತಾಗೋದು. 6ರ ಕಲಸಿದ ದಿನಗಳು ಗೊಂದಲ ಆಗದಿರೋಕೆ ತಲೆಬರಹದಷ್ಟೇ ಬಣ್ಣವೂ ಕಾರಣ.

ಟಿವಿ ಸರಣಿ ನೋಡಿ ಬಂದವರ ಅಭಿಪ್ರಾಯ ಬೇರೆಯೇ ಒಂದು ಗುಂಪು. 2021ರ ನವೆಂಬರ್-ಡಿಸೆಂಬರ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಆರು ಕಂತು ಬಂತಲ್ಲ, ಜೆರೆಮಿ ರೆನ್ನರ್, ಹೇಲಿ ಸ್ಟೈನ್‌ಫೆಲ್ಡ್ ಇದ್ದದ್ದು. ನಾಯಿ, ಟ್ರ್ಯಾಕ್‌ಸೂಟ್ ಗ್ಯಾಂಗು, ಅವರ "ಬ್ರೋ", ಕ್ರಿಸ್‌ಮಸ್ ಗಡಿಬಿಡಿ, ಕೊನೆಗೆ ಶೀರ್ಷಿಕೆ ಚಿತ್ರಗಳ ಶೈಲಿ ಕೂಡ ಈ ಕಾಮಿಕ್ಸಿಂದಲೇ ಹೋದದ್ದು. ಈಗ ಅಲ್ಲಿಂದ ಇಲ್ಲಿಗೆ ಬಂದು "ಎಕೋ ಎಲ್ಲಿ, ಕಿಂಗ್‌ಪಿನ್ ಜೊತೆ ಹೊಡೆದಾಟ ಎಲ್ಲಿ" ಅಂತ ಕೇಳ್ತಾರೆ. ಕೊಟ್ಟ ಮನೆಗೇ ಬಂದು, ತಗೊಂಡೋರ ಮನೇಲಿರೋದು ನಿಮ್ಮಲ್ಲಿ ಯಾಕಿಲ್ಲ ಅಂತ ಕೇಳಿದ ಹಾಗಾಯ್ತು ಇದು. ಅಲ್ಲಿನ ಕಾಜಿಗೂ ಇಲ್ಲಿನ ಕಾಜಿಗೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ. ಇಲ್ಲಿನವನು ಇಡೀ ಸರಣಿಯ ಮೇಲೆ ಬಿದ್ದಿರೋ ನೆರಳು, ಅದನ್ನ ಟಿವಿ ಲೆಕ್ಕದಲ್ಲಿ ಅಳೆಯಬೇಡಿ.

"ಬಿಲ್ಲುಗಾರನ ಪುಸ್ತಕದಲ್ಲಿ ಬಿಲ್ಲೇ ಇಲ್ಲ" ಅನ್ನೋ ದೂರೂ ಇದೆ. ಬಿಲ್ಲುವಿದ್ಯೆಯ ಪ್ರದರ್ಶನ ಬೇಕಿದ್ದರೆ ಮೊದಲ ಸಂಪುಟದ 3ನೇ ಸಂಚಿಕೆ ನೋಡಿ: ಕಾರಿನ ಬೆನ್ನಟ್ಟುವಿಕೆ, ಒಂದರ ಹಿಂದೆ ಒಂದು ವಿಚಿತ್ರ ಬಾಣ, ತಿರುಗಿ ಬರೋ ಬೂಮರಾಂಗ್ ಬಾಣದ ಮೇಲೆ ಕೇಟ್ ಜೊತೆ ವಾದ. ಅದಾದಮೇಲೆ ಈ ಸಂಪುಟದಲ್ಲಿ ಅದನ್ನೇ ಮತ್ತೆ ಮಾಡಿದ್ದರೆ "ಹಳೇದನ್ನೇ ಬಡಿಸಿದರು" ಅಂತ ನೀವೇ ಬರೀತಿದ್ರಿ. ಬಾಣದಿಂದ ಬಗೆಹರಿಯದ ತೊಂದರೆಗಳ ಪುಸ್ತಕ ಇದು. ಸಾಲ, ಚಂಡಮಾರುತ, ಮುರಿದ ಮದುವೆ, ನೆರೆಯವನ ಸಾವು: ಇವಕ್ಕೆಲ್ಲ ಎಲ್ಲಿ ಗುರಿ ಇಡೋದು?

ಒಂದು ವಾದವನ್ನ ಮಾತ್ರ ಕೇಳೋಣ. "ಇಷ್ಟೆಲ್ಲ ವಿವರಿಸಿದ ಮೇಲೆ ಅರ್ಥ ಆಗೋ ಪುಸ್ತಕ ಒಳ್ಳೇ ಪುಸ್ತಕ ಹೇಗೆ? ಆರು ಸಂಚಿಕೆಗೆ ಇಷ್ಟು ಜನ ಚಿತ್ರಕಾರರು ಯಾಕೆ? ಹೊಸ ಓದುಗನ ಕೈಗೆ ಕೊಟ್ಟರೆ ಅವನಿಗೆ ತಾನಾಗೇ ಸಾಗಬೇಕು." ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ ಹೊಸ ಓದುಗ ಸಾಗೋಕೆ ಏನೂ ಅಡ್ಡಿ ಇಲ್ಲ ಇಲ್ಲಿ. ಅವೆಂಜರ್ಸ್ ಇತಿಹಾಸ ಬೇಡ, ಇನ್ಯಾವ ಸರಣಿಯೂ ಬೇಡ, ಮೊದಲ ಸಂಪುಟದ ಐದು ಸಂಚಿಕೆ ಸಾಕು. ಮಾರ್ವೆಲ್‌ನಲ್ಲಿ ಇಷ್ಟು ಕಡಿಮೆ ಸಾಮಾನು ಹೊತ್ತು ಒಳಗೆ ಬರಬಹುದಾದ ಪುಸ್ತಕ ಎಷ್ಟಿವೆ? ಬೇಕಿರೋದು ನಿಧಾನ ಒಂದೇ. ಚಿತ್ರಕಾರರ ವಿಷಯಕ್ಕೆ ಬಂದರೆ, ಅಜಾ ಥರದ ಪುಟ ತಿಂಗಳಿಗೆ ಇಪ್ಪತ್ತು ಬರೆಯೋದು ಯಾರಿಂದಲೂ ಆಗೋ ಕೆಲಸ ಅಲ್ಲ. ಸರಣಿಯ ಕೊನೆ ಕೊನೆಗೆ ಸಂಚಿಕೆ ಸಂಚಿಕೆಗೂ ತಿಂಗಳುಗಟ್ಟಲೆ ಅಂತರ ಬಿತ್ತು, 21 ಬಂದದ್ದು 2015ರ ಫೆಬ್ರವರಿಯಲ್ಲಿ, 22 ಜುಲೈಯಲ್ಲಿ. ಬೇರೆಯವರನ್ನ ಕರೆದಾಗ ಫ್ರ್ಯಾಕ್ಷನ್ ಅವರ ಕೈಗೆ ಬೇರೆ ಕಣ್ಣಿನ ಕಥೆಯನ್ನೇ ಕೊಟ್ಟರು: ಕಾಜಿಯದ್ದು ಫ್ರಾಂಕಾವಿಲ್ಲಾಗೆ, ಬಿರುಗಾಳಿಯ ಎರಡು ದಡ ಇಬ್ಬರಿಗೆ. ಅಭಾವವನ್ನ ಹೀಗೆ ಬಳಸಿಕೊಂಡಿದ್ದಕ್ಕೆ ಮೆಚ್ಚಬೇಕು, ಬೈಯೋದಲ್ಲ.

ಬೈಯಬೇಕಾದ ಜಾಗ ಒಂದಿದೆ, ಅದನ್ನ ಯಾರೂ ಬೈಯಲ್ಲ. ಅದು ಸಂಪುಟ ಕಟ್ಟಿದ ರೀತಿ. 'ಲಿಟಲ್ ಹಿಟ್ಸ್' 11ಕ್ಕೆ ಮುಗಿಯುತ್ತೆ, ಗ್ರಿಲ್ಸ್ ಸತ್ತ, ಕೇಟ್ ಹೋದಳು. ಸಹಜವಾಗಿ ಮೂರನೇ ಸಂಪುಟ 'ಎಲ್.ಎ. ವುಮನ್' ತೆಗೀತೀರಿ. ಅದರಲ್ಲಿ ಇರೋದು ಆ್ಯನ್ಯುಯಲ್ (ವಾರ್ಷಿಕ ವಿಶೇಷ ಸಂಚಿಕೆ) ಒಂದು, ಜೊತೆಗೆ 14, 16, 18, 20. ಅಂದರೆ ಕೇಟ್ ಕಥೆ ಮಾತ್ರ, ಲಾಸ್ ಏಂಜಲೀಸ್‌ನಲ್ಲಿ. ಗ್ರಿಲ್ಸ್‌ನ ಅಂತ್ಯಕ್ರಿಯೆ ಇರೋ 13ನೇ ಸಂಚಿಕೆ ನಾಲ್ಕನೇ ಸಂಪುಟ 'ರಿಯೊ ಬ್ರಾವೊ'ದಲ್ಲಿದೆ, 12, 15, 17, 19, 21, 22ರ ಜೊತೆ. ಕೊಲೆ ಒಂದು ಪುಸ್ತಕದಲ್ಲಿ, ಹೆಣ ಮಣ್ಣು ಮಾಡೋದು ನಡುವೆ ಒಂದು ಪುಸ್ತಕ ಬಿಟ್ಟು! ಎರಡನೇ ಸಂಪುಟ ಎಲ್ಲೂ ಮುಟ್ಟಲ್ಲ ಅಂತ ಅನ್ನಿಸೋದಕ್ಕೆ ಅರ್ಧ ಕಾರಣ ಇದು. ಪಾತ್ರದ ಪ್ರಕಾರ ವಿಂಗಡಿಸಿದರೆ ಅಚ್ಚುಕಟ್ಟು ಅಂತ ಯಾರೋ ಅಂದುಕೊಂಡರು, ಕಥೆಯ ಉಸಿರೇ ಕಟ್ಟಿತು. ಎರಡು ಭಾಗದ ದೊಡ್ಡ ಹಾರ್ಡ್‌ಕವರ್‌ನಲ್ಲಿ ಮೊದಲನೇದಕ್ಕೆ 11ರವರೆಗೆ, ಎರಡನೇದಕ್ಕೆ ಉಳಿದದ್ದೆಲ್ಲ ಬರುತ್ತೆ, ಪುಟವೂ ದೊಡ್ಡದು. 2015ರ ಆಮ್ನಿಬಸ್‌ನಲ್ಲಿ ಎಲ್ಲ ಒಟ್ಟಿಗೆ ಇದೆ, ಆದರೆ ಅಷ್ಟು ದಪ್ಪ ಪುಸ್ತಕದಲ್ಲಿ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಬೆನ್ನಿನ ಮಡಿಕೆಗೆ ಜಾರುತ್ತೆ, ಮೇಜಿನ ಮೇಲೆ ಪೂರ್ತಿ ಬಿಚ್ಚಿಟ್ಟೇ ಓದಬೇಕು.

ನಾಲ್ಕು ಪೇಪರ್‌ಬ್ಯಾಕ್ ಇರೋರು ಹೀಗೆ ಓದಿ: 11 ಮುಗಿದ ಕೂಡಲೇ ನಾಲ್ಕನೇ ಸಂಪುಟ ತೆಗೆದು 12, 13. ಆಮೇಲೆ ಮೂರನೇದಕ್ಕೆ ಬಂದು ಆ್ಯನ್ಯುಯಲ್, 14. ಬಿಡಿ ಸಂಚಿಕೆಯಾಗಿ ಬರೋವಾಗ 16 ಮೊದಲು ಬಂದು 15 ಆಮೇಲೆ ಬಂತು, ಆ ಕ್ರಮದಲ್ಲೇ ಓದಿದರೂ ತೊಂದರೆ ಇಲ್ಲ. ಅಲ್ಲಿಂದ 17, 18, 19, 20, ಒಂದು ಈ ಪುಸ್ತಕ, ಒಂದು ಆ ಪುಸ್ತಕ. 15ರ ಕೊನೆಯಲ್ಲಿ ಕಾಜಿ ಕ್ಲಿಂಟ್‌ನ ಕಿವಿಗೆ ಬಾಣ ಚುಚ್ತಾನೆ. 19ರಲ್ಲಿ ಅವನಿಗೆ ಕಿವಿ ಕೇಳಲ್ಲ, ಬಲೂನುಗಳು ಖಾಲಿ, ಸಂಜ್ಞೆ ಭಾಷೆಯ ಕೈಚಿತ್ರಗಳಿಗೆ ಪಕ್ಕದಲ್ಲಿ ಅರ್ಥ ಬರೆದಿಲ್ಲ. ಅಲ್ಲೂ "ಮುದ್ರಣ ದೋಷ" ಅಂತ ಬರೆಯೋಕೆ ಕೈ ಹೋದರೆ, ಮೊದಲು 11ನ್ನ ಇನ್ನೊಂದು ಸಲ ತೆಗೀರಿ. ಕೇಳಿಸದ ಮಾತನ್ನ ಮೈ ನೋಡಿ ಓದೋದು ಹೇಗೆ ಅಂತ ಆ ನಾಯಿ ಜೊತೆಯಲ್ಲೇ ನಿಮಗೆ ಕಲಿಸಿಟ್ಟಿದ್ದಾರೆ. ಅದು ಬಂದಮೇಲೆ 19ಕ್ಕೆ ಬನ್ನಿ, ಒಂದು ಚೌಕವೂ ಖಾಲಿ ಅನ್ನಿಸಲ್ಲ.